ರಾಗಿಯ ಮುಂದೆ ಉಸಿರು ಬಿಡಬೇಡಿ

ನನ್ನ ಕೆಲಸ ಎಲೆಗಳನ್ನು ನೋಡುವುದು. ಜನರ ಕೆಲಸ ನನ್ನನ್ನು ನೋಡುವುದು. ಎರಡೂ ಕಡೆಯವರು ಅವರವರ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತ ಬಂದಿರುವುದರಿಂದ, ಈ ಇಪ್ಪತ್ತು ವರ್ಷಗಳಲ್ಲಿ ನಗುವಂಥ ಪ್ರಸಂಗಗಳಿಗೆ ನನಗೆ ಕೊರತೆಯಾಗಿಲ್ಲ. ಅಳುವಂಥವೂ ಇದ್ದವು. ನಾನು ಅಳುತ್ತ ಕೂತರೆ ಖುಷಿಪಡುವವರು ಕೆಲವರಿದ್ದಾರೆ, ಅದಕ್ಕೇ ಅವನ್ನೂ ನಗುವ ಲೆಕ್ಕಕ್ಕೇ ಸೇರಿಸಿಕೊಂಡಿದ್ದೇನೆ.

ನಾನು ಸಸ್ಯ ಶರೀರಕ್ರಿಯಾ ವಿಜ್ಞಾನಿ. ಹೆಸರು ಉದ್ದ, ಕೆಲಸ ಸರಳ. ಎಲೆ ಬಿಸಿಲು, ನೀರು, ಗಾಳಿ ಸೇರಿಸಿ ತನ್ನ ಅನ್ನವನ್ನು ತಾನೇ ಮಾಡಿಕೊಳ್ಳುತ್ತದಲ್ಲ, ಶಾಲೆಯಲ್ಲಿ ದ್ಯುತಿಸಂಶ್ಲೇಷಣೆ ಅಂತ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮಾರನೇ ದಿನ ಎಲ್ಲರೂ ಮರೆಯುತ್ತಾರಲ್ಲ, ನಾನು ಅದನ್ನು ಮರೆಯದೆ ಉಳಿಸಿಕೊಂಡವಳು. ಕಡೂರಿನ ಬಯಲಿನಲ್ಲಿ ನಡು ಮಧ್ಯಾಹ್ನದ ಬಿಸಿಲಿಗೆ ಬಹಳಷ್ಟು ಗಿಡಗಳು ಎಲೆಯ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ಕೆಲಸ ನಿಲ್ಲಿಸಿಬಿಡುತ್ತವೆ. ಆ ಹೊತ್ತಿನಲ್ಲೂ ಕೆಲಸ ನಿಲ್ಲಿಸದ ರಾಗಿ ತಳಿ ಯಾವುದು ಅನ್ನುವುದೇ ನನ್ನ ಪ್ರಶ್ನೆ. ಹಾಗಾಗಿ ಊರೆಲ್ಲ ಉಂಡು ಅಡ್ಡಾಗುವ ಹೊತ್ತಿಗೆ ನಾನು ಹೊಲದಲ್ಲಿರಬೇಕು.

ಅದಕ್ಕೊಂದು ಯಂತ್ರವಿದೆ. ಹೆಗಲಿಗೆ ಹಾಕಿಕೊಳ್ಳುವ ಪೆಟ್ಟಿಗೆ, ಎಲೆಯನ್ನು ಕಚ್ಚಿ ಹಿಡಿಯುವ ಕ್ಲಿಪ್ಪು, ಗಾಳಿ ಎಳೆದುಕೊಳ್ಳಲು ಉದ್ದನೆಯ ಕೊಳವೆ. ಗಾಳಿಯಿಂದ ಎಲೆ ಎಷ್ಟು ಇಂಗಾಲದ ಡೈಆಕ್ಸೈಡ್ ತೆಗೆದುಕೊಂಡಿತು ಅಂತ ಅದು ಹೇಳುತ್ತದೆ. ತೊಂದರೆ ಏನೆಂದರೆ, ನಾವು ಬಿಡುವ ಉಸಿರಿನಲ್ಲೂ ಅದೇ ಅನಿಲ. ಕೊಳವೆಯ ಬಾಯಿಯ ಹತ್ತಿರ ಯಾರಾದರೂ ಉಸಿರು ಬಿಟ್ಟರೆ ಅಳತೆಯೆಲ್ಲ ಎಕ್ಕುಟ್ಟಿ ಹೋಗುತ್ತದೆ. ಅದಕ್ಕೇ ಕೊಳವೆಯ ತುದಿಗೆ ಧೂಳು ಹೋಗದ ಹಾಗೆ ಕಪ್ಪು ಸ್ಪಂಜಿನ ಟೋಪಿ ಹಾಕಿ, ಬಿದಿರಿನ ಗಳಕ್ಕೆ ಕಟ್ಟಿ, ತಲೆಗಿಂತ ಎತ್ತರಕ್ಕೆ ನಿಲ್ಲಿಸುತ್ತೇನೆ. ನನ್ನ ಹೊಲದ ನಿಯಮ ಒಂದೇ. ನಾನು ಕೈ ಎತ್ತಿದ ತಕ್ಷಣ ಎಲ್ಲರೂ ಮಾತು ನಿಲ್ಲಿಸಿ ಮುಖವನ್ನು ಆಚೆ ತಿರುಗಿಸಬೇಕು.

ಬೆರಳು

ಈ ನಿಯಮವನ್ನು ಕಾಯುವವಳು ನಮ್ಮ ಹೊಲದ ಅಜ್ಜಿ. ಕಡೂರಿನಿಂದ ಅಜ್ಜಂಪುರಕ್ಕೆ ಹೋಗುವ ದಾರಿಯಲ್ಲಿ ನನ್ನ ರಾಗಿ ಹೊಲ, ಅದರ ಪಕ್ಕದ ಊರಿನವಳು. ಕಳೆ ಕೀಳುವ ಹೆಂಗಸರ ಗುಂಪಿಗೆ ಅವಳೇ ಯಜಮಾನಿ. ನಾನು ಕೈ ಎತ್ತುವುದೇ ತಡ, "ಉಸ್ರು ಆಚೆ!" ಅಂತ ಒಂದು ಕೂಗು ಹಾಕುತ್ತಾಳೆ. ಎಂಟು ಹೆಂಗಸರು ಗಕ್ಕನೆ ಪೂರ್ವಕ್ಕೆ ತಿರುಗುತ್ತಾರೆ. ರಸ್ತೆಯಲ್ಲಿ ಹೋಗುವವರು ಇದೇನೋ ವ್ರತ ಅಂದುಕೊಂಡಿದ್ದಾರೆ.

ಅವಳು ನನಗೆ ಸಿಕ್ಕಿದ್ದು ಕೊರೊನಾ ಮುಗಿಯುತ್ತಿದ್ದ ದಿನಗಳಲ್ಲಿ. ಆಗ ಆಕ್ಸಿಜನ್ ನೋಡಲು ಬೆರಳಿಗೆ ಹಾಕುವ ಕ್ಲಿಪ್ಪನ್ನು ಎಲ್ಲ ಊರಿನವರೂ ನೋಡಿದ್ದರು. ನಾನು ರಾಗಿ ಎಲೆಗೆ ಕ್ಲಿಪ್ಪು ಹಾಕಿ ಕೂತಿದ್ದೆ. ಅಜ್ಜಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಏನವ್ವಾ, ರಾಗಿಗೆ ಆಕ್ಸಿಜನ್ ಎಷ್ಟೈತೆ?"

"ರಾಗಿಗೆ ನಾವು ಆಕ್ಸಿಜನ್ ಕೊಡಂಗಿಲ್ಲ ಅಜ್ಜಿ. ಅದೇ ನಮಗೆ ಕೊಡೋದು."

"ಹಂಗಾರೆ ಅದುಕ್ಯಾಕೆ ಕ್ಲಿಪ್ಪು? ತತ್ತಾ, ನಂಗಾಕು."

ಬೇಡ ಅನ್ನುವಷ್ಟರಲ್ಲಿ ಕ್ಲಿಪ್ಪಿನೊಳಗೆ ಬೆರಳು ತೂರಿಸಿಯೇಬಿಟ್ಟಳು. ಯಂತ್ರ ತನ್ನ ಧರ್ಮಕ್ಕೆ ತಾನು ಅಳೆಯಿತು. ಸೊನ್ನೆಗಿಂತ ಕೆಳಗೆ ಬಂತು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಅಜ್ಜಿ, ಈ ಮೆಷಿನ್ ಪ್ರಕಾರ ನೀನೇನಾದ್ರೂ ಎಲೆ ಆಗಿದ್ರೆ, ಒಣಗಿಹೋಗಿ ಸುಮಾರು ದಿನ ಆಗಿದೆ."

ಅಜ್ಜಿ ಬೆರಳು ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು. "ಆಸ್ಪತ್ರೆ ಡಾಕ್ಟ್ರೂ ಹಿಂಗೇ ಅಂದಿದ್ರು ಬಿಡವ್ವಾ. ಅವ್ರು ವರ್ಗಾ ಆಗಿ ಹೋದ್ರು, ನಾನು ಇಲ್ಲೇ ಇದೀನಿ."

ಹಾರ

ನಮ್ಮ ಜೀಪಿನ ಡ್ರೈವರ್ ತರೀಕೆರೆಯವರು. ಅವರ ಮನೆತನ ಆ ಊರಿಗೆ ಬಂದು ಎಷ್ಟು ತಲೆಮಾರಾಯಿತೆಂದು ಅವರಿಗೂ ಗೊತ್ತಿಲ್ಲ. ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ಕನ್ನಡ, ಜೀಪು ಕೆಟ್ಟಾಗ ಎರಡೂ. ಆರಡಿ ಎತ್ತರ, ಬಿಳಿ ಮೀಸೆ, ಇಸ್ತ್ರಿ ಮಾಡಿದ ಸಫಾರಿ. ಜೀಪಿನಿಂದ ಅವರು ಒಂದು ಕಡೆ, ನಾನು ಇನ್ನೊಂದು ಕಡೆ ಇಳಿದರೆ ಜನ ನಮಸ್ಕಾರ ಮಾಡುವುದು ಅವರಿಗೆ. ನನ್ನ ಕೈಗೆ ಅವರ ಊಟದ ಕ್ಯಾರಿಯರ್ ಕೊಟ್ಟವರೂ ಇದ್ದಾರೆ.

ತರೀಕೆರೆ ಹತ್ತಿರದ ಒಂದು ಊರಿನಲ್ಲಿ ರೈತರ ಸಭೆ. ನಾವು ಹೋಗಿ ಇಳಿಯುವುದೇ ತಡ, ನಾಲ್ಕು ಜನ ಓಡಿಬಂದು ಡ್ರೈವರನ್ನು ಕೈಹಿಡಿದು ವೇದಿಕೆಗೆ ಕರೆದೊಯ್ದರು. ನನ್ನನ್ನು ಒಬ್ಬ ತಾಯಿ ಪ್ರೀತಿಯಿಂದ ಹೆಂಗಸರ ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, "ಸಾಹೇಬ್ರ ಜೊತೆ ನೀವೂ ಬಂದಿದ್ದು ಒಳ್ಳೇದಾಯ್ತು ಕಣಮ್ಮಾ, ಬೇಜಾರು ಕಳೀತದೆ" ಅಂದರು. ವೇದಿಕೆ ಮೇಲೆ ಡ್ರೈವರ್ ಏಳಲು ನೋಡುತ್ತಾರೆ, ಇಬ್ಬರು ಹೆಗಲು ಒತ್ತಿ ಕೂರಿಸುತ್ತಾರೆ. ದೊಡ್ಡ ವಿಜ್ಞಾನಿಗಳು, ಸಂಕೋಚ ಸ್ವಭಾವ ಅಂದುಕೊಂಡಿರಬೇಕು. ಸೇವಂತಿಗೆ ಹಾರ ಕೊರಳಿಗೆ ಬಿತ್ತು. ಮೈಕು ಕೈಗೆ ಬಂತು.

ಡ್ರೈವರ್ ಗಂಟಲು ಸರಿಮಾಡಿಕೊಂಡರು. "ನಂಗೆ ಗೊತ್ತಿರೋದು ಜೀಪು. ಜೀಪಿನ ವಿಷಯ ಬೇಕಂದ್ರೆ ಸಂಜೆ ತನಕ ಮಾತಾಡ್ತೀನಿ. ರಾಗಿ ವಿಷಯ ಬೇಕಂದ್ರೆ, ಅಗೋ, ಅರಿಶಿನ ಕುಂಕುಮ ತಗೊಂಡು ಕೂತಿದಾರಲ್ಲ, ಅವ್ರನ್ನ ಕರೀರಿ. ವಿಜ್ಞಾನಿ ಅವ್ರು."

ಸಭೆ ಏರ್ಪಡಿಸಿದ್ದ ಸಂಘದ ಕಾರ್ಯದರ್ಶಿಯ ಮುಖ ಹುಣಸೆಹಣ್ಣು ತಿಂದ ಹಾಗಾಯಿತು. ಓಡಿಬಂದು, "ತಪ್ಪಾಯ್ತು ಮೇಡಂ, ಹಾರ ಒಂದೇ ತಂದಿದ್ವಿ, ಈಗ ಅವ್ರ ಕೊರಳಿಂದ ತೆಗೆಯೋದು ಹೆಂಗೆ, ಏನ್ ಮಾಡೋದು ಹೇಳಿ" ಅಂತ ಕೈ ಕೈ ಹಿಸುಕಿಕೊಂಡರು.

"ಹಾರ ಅವರಿಗೇ ಇರಲಿ," ಅಂದೆ, "ಮೈಕು ಈ ಕಡೆ ಕೊಡಿ."

ಜೊತೆಗೆ ಯಾರು?

ಇದು ಚಿಕ್ಕದು. ಆದರೆ ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ, ಆದ್ದರಿಂದ ಹೇಳಿಬಿಡುತ್ತೇನೆ.

ಹೋದ ವರ್ಷ ನಮ್ಮ ಮುಖ್ಯ ಕಚೇರಿಯಿಂದ ಒಂದು ಪತ್ರ ಬಂತು. ನನ್ನ ಯೋಜನೆಯನ್ನು ಮುಂದುವರಿಸುವ ಮೊದಲು, ಮಹಿಳಾ ವಿಜ್ಞಾನಿಯೊಬ್ಬರು ನಡು ಮಧ್ಯಾಹ್ನದ ಬಿಸಿಲಿನಲ್ಲಿ ಹೊಲದ ಕೆಲಸ ಮಾಡಲು ಸಾಧ್ಯವೇ ಎಂದು ನೋಡಲು ಒಂದು ಸಮಿತಿ ಬರುತ್ತದಂತೆ. ಸಾಧ್ಯವಿಲ್ಲ ಎಂದಾದರೆ ಯಂತ್ರ, ಹೊಲ, ಯೋಜನೆ ಮೂರೂ ನಗರದಲ್ಲಿರುವ ನನ್ನ ಕಿರಿಯ ಸಹೋದ್ಯೋಗಿಯೊಬ್ಬರ ಪಾಲು. ನಾನು ಲ್ಯಾಬಿನಲ್ಲಿ ತಂಪಾಗಿ ಕೂತು ಅವರು ತಂದುಕೊಡುವ ಅಂಕಿಗಳನ್ನು ಅಚ್ಚುಕಟ್ಟಾಗಿ ಬರೆದಿಡಬಹುದು. ಆ ಹೊಲದಲ್ಲಿ ನಾನು ಕಪ್ಪಗಾದದ್ದು, ಆ ಬಿಸಿಲಿಗೆ ತಲೆಗೂದಲು ಕೆಂಚಾದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂರು ಬೆಳೆ ಅಳೆದಿದ್ದೆ. ನಾಲ್ಕನೆಯದು ಅಳೆದರೆ ನನ್ನ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು. ಅದನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ ಅಂತ ಆವತ್ತೇ ತೀರ್ಮಾನಿಸಿದೆ.

ಪತ್ರದ ಜೊತೆಗೊಂದು ಫಾರಂ. ಮಹಿಳೆಯರು ಮಾತ್ರ ತುಂಬತಕ್ಕದ್ದು. ಅದರಲ್ಲೊಂದು ಕಲಂ: 'ಹೊಲಕ್ಕೆ ಹೋಗುವಾಗ ಜೊತೆಗೆ ಯಾರು ಬರುತ್ತಾರೆ?'

'ಸೂರ್ಯ' ಅಂತ ಬರೆದು ಕಳಿಸಿದೆ. ಸೂರ್ಯನ ಗುರುತಿನ ಚೀಟಿಯ ನಕಲು ಲಗತ್ತಿಸಿಲ್ಲವೆಂದು ಫಾರಂ ವಾಪಸ್ಸು ಬಂತು.

ಮೇಲಿನಿಂದ ನೋಡುವವರು

ಸಮಿತಿ ಬರುವುದಕ್ಕೆ ಮೊದಲು ಆ ಕಿರಿಯ ಸಹೋದ್ಯೋಗಿ 'ಕ್ಷೇತ್ರ ಪರಿಚಯ' ಮಾಡಿಕೊಳ್ಳಲು ಬಂದರು. ಮನುಷ್ಯ ಕೆಟ್ಟವರಲ್ಲ. ಕಂಪ್ಯೂಟರಿನಲ್ಲಿ ಎಲೆ ಬಿಡಿಸಿ, ಕಂಪ್ಯೂಟರಿನಲ್ಲೇ ಬಿಸಿಲು ಬಿಟ್ಟು, ಅಲ್ಲೇ ರಾಗಿ ಬೆಳೆದು ಹೆಸರು ಮಾಡಿದವರು. ನಿಜವಾದ ಬಿಸಿಲಿನ ಅಭ್ಯಾಸ ಸ್ವಲ್ಪ ಕಡಿಮೆ, ಅಷ್ಟೇ.

ಆ ದಿನ ನನಗೆ ಎಮ್ಮೆದೊಡ್ಡಿಯ ಕಾವಲಿನಲ್ಲಿ, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲಿನಲ್ಲಿ, ಕೆಲಸ. ಯಾರೂ ನೀರು ಹಾಕದ ಕಾವಲಿನ ಹುಲ್ಲು ಮಧ್ಯಾಹ್ನವನ್ನು ಹೇಗೆ ತಡೆದುಕೊಳ್ಳುತ್ತದೆ ಅಂತ ರಾಗಿಯ ಜೊತೆ ಹೋಲಿಸಿ ನೋಡಬೇಕಿತ್ತು. ಇಪ್ಪತ್ತು ಹುಲ್ಲಿನ ಬುಡಗಳಿಗೆ ನಂಬರಿನ ದಾರ ಕಟ್ಟಿದ್ದೆ. ದಾರಿಯುದ್ದಕ್ಕೂ ಸಹೋದ್ಯೋಗಿ, "ಮೇಡಂ, ನಿಮಗೆ ಇಂಥ ಜಾಗದಲ್ಲಿ ಒಬ್ಬರೇ ಓಡಾಡೋಕೆ ಭಯ ಆಗಲ್ವಾ? ಇನ್ಮೇಲೆ ಬಿಡಿ, ನಾನು ನೋಡ್ಕೋತೀನಿ" ಅನ್ನುತ್ತಿದ್ದರು.

ಜೀಪು ನಿಂತಿತು. ಇಳಿದೆವು. ದೂರದಲ್ಲಿ ಮೇಯುತ್ತಿದ್ದ ಅಮೃತ ಮಹಲ್ ಹಸುಗಳಲ್ಲಿ ಒಂದು ತಲೆ ಎತ್ತಿ ನಮ್ಮ ಕಡೆ ನೋಡಿತು. ಬರೀ ನೋಡಿತು. ಆ ಜಾತಿಯ ಹಸು ಅಪರಿಚಿತರನ್ನು ನೋಡುವ ರೀತಿಯೇ ಹಾಗೆ, ಕೊಂಬು ನೆಟ್ಟಗೆ, ಕಣ್ಣು ನೆಟ್ಟಗೆ. ನಾನು ಅಲ್ಲೇ ಸುಮ್ಮನೆ ನಿಂತೆ. ಪಕ್ಕಕ್ಕೆ ತಿರುಗಿದರೆ ಸಹೋದ್ಯೋಗಿ ಇಲ್ಲ. ಜೀಪಿನ ಟಾಪಿನ ಮೇಲಿದ್ದಾರೆ. ಅಷ್ಟು ಬೇಗ ಹೇಗೆ ಹತ್ತಿದರು ಅನ್ನುವುದು ಡ್ರೈವರಿಗೂ ಇನ್ನೂ ಬಗೆಹರಿದಿಲ್ಲ.

ಹಸು ನಿಧಾನವಾಗಿ ಬಂತು. ನನ್ನ ಬಿದಿರಿನ ಗಳಕ್ಕೆ ಕತ್ತು ತಿಕ್ಕಿತು. ಗಳ ಲಟಕ್ಕನೆ ಎರಡು ತುಂಡಾಯಿತು. ಆಮೇಲೆ ನಾನು ದಾರ ಕಟ್ಟಿದ ಹುಲ್ಲುಗಳ ಹತ್ತಿರ ಹೋಗಿ, ಒಂದೊಂದನ್ನೇ ಮೂಸಿ, ಹದಿನೇಳನೇ ನಂಬರನ್ನು ದಾರದ ಸಮೇತ ತಿಂದಿತು. ನನ್ನ ಅಳತೆಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಹುಲ್ಲು ಅದು.

ಹಸು ಕಾಯುವವರೊಬ್ಬರು ಓಡಿಬಂದರು. "ಅಯ್ಯೋ, ಏನ್ರವ್ವಾ, ಲುಕ್ಸಾನಾಯ್ತಾ?"

"ಆ ಹುಲ್ಲೇ ಒಳ್ಳೇದು ಅಂತ ಕಂಡುಹಿಡಿಯೋಕೆ ನಂಗೆ ಎರಡು ವರ್ಷ ಹಿಡಿದಿತ್ತು ಕಣಪ್ಪಾ."

"ಇದನ್ನ ಕೇಳಿದ್ರೆ ಅವತ್ತೇ ಹೇಳೋದು," ಅಂತ ಹಸುವಿನ ಬೆನ್ನು ಚಪ್ಪರಿಸಿದರು. ಆಮೇಲೆ ಅವರ ಕಣ್ಣು ಜೀಪಿನ ಮೇಲೆ ಹೋಯಿತು. "ಆ ಸಾಹೇಬ್ರು ಮೇಲ್ ಹತ್ತಿ ಏನ್ ಮಾಡ್ತಾವ್ರೆ?"

"ಅವರದು ಉಪಗ್ರಹದ ಕೆಲಸ," ಅಂದೆ. "ಮೇಲಿಂದಾನೇ ನೋಡೋದು."

ಹಲೋ, ಹಲೋ

ಮುರಿದ ಗಳದ ಬದಲು ಹೊಸದೊಂದು ಬಿದಿರು ಕೊಳ್ಳಲು ಅನುಮತಿ ಕೇಳಿ ಕಚೇರಿಗೆ ಬರೆದೆ. ಉತ್ತರ ಬರುವ ಮೊದಲು ಸಮಿತಿಯೇ ಬಂತು. ಹಾಗಾಗಿ ಅವತ್ತು ರಾಗಿ ಹೊಲದ ಅಂಚಿನಲ್ಲಿ ನಾನು ನೆಟ್ಟದ್ದು ಅರ್ಧ ಗಳ. ಕೊಳವೆಯ ತುದಿ, ಕಪ್ಪು ಸ್ಪಂಜಿನ ಟೋಪಿಯ ಸಮೇತ, ಸರಿಯಾಗಿ ಮನುಷ್ಯರ ಬಾಯಿಯ ಎತ್ತರಕ್ಕೆ ನಿಂತಿತು. ಅಂಚಿನಲ್ಲಿ ಯಾರೂ ನಿಲ್ಲುವುದಿಲ್ಲವಲ್ಲ, ನಡೆಯುತ್ತದೆ ಅಂದುಕೊಂಡೆ.

ಸಮಿತಿಯಲ್ಲಿ ನಾಲ್ವರು. ಅಧ್ಯಕ್ಷರು ಬಹಳ ಹಿರಿಯರು, ದಿನಕ್ಕೆರಡು ಉದ್ಘಾಟನೆ ಮಾಡಿ ಅಭ್ಯಾಸವಿದ್ದವರು. ಹಿಂದಿನಿಂದ ನನ್ನ ಕಿರಿಯ ಸಹೋದ್ಯೋಗಿ, ಹಸು ಇದೆಯೇ ಅಂತ ಅತ್ತಿತ್ತ ನೋಡುತ್ತ. ಹನ್ನೆರಡು ದಾಟಿತ್ತು. ಅಜ್ಜಂಪುರದಲ್ಲಿ ಅವರಿಗೆ ಒಂದು ಗಂಟೆಗೆ ಊಟಕ್ಕೆ ಹೇಳಿಟ್ಟಿತ್ತು.

ಅಧ್ಯಕ್ಷರು ಜೀಪಿನಿಂದ ಇಳಿದರು. ಎದುರಿಗೆ ಒಂದು ಕೋಲು, ಕೋಲಿನ ತುದಿಯಲ್ಲಿ ಕಪ್ಪು ಸ್ಪಂಜು. ಸುತ್ತ ಎಂಟು ಹೆಂಗಸರು ಕೆಲಸ ಬಿಟ್ಟು ನಿಂತಿದ್ದಾರೆ. ಇಷ್ಟು ಸಾಕಾಯಿತು. ಅವರ ಕಾಲು ತಾನಾಗಿಯೇ ಅಲ್ಲಿಗೆ ಹೋಯಿತು. ಸ್ಪಂಜಿನ ಮೇಲೆ ಬೆರಳಿನಿಂದ ಟಕಟಕ ತಟ್ಟಿ, "ಹಲೋ, ಹಲೋ" ಅಂದರು.

ನಾನು ಓಡಿಹೋದೆ. "ಸಾರ್, ಅದು..."

"ಗೊತ್ತಮ್ಮಾ, ಕರೆಂಟಿಲ್ಲ," ಅಂದರು. "ಪರವಾಗಿಲ್ಲ, ನನ್ನ ಧ್ವನಿಗೆ ಮೈಕೇ ಬೇಕಾಗಿಲ್ಲ."

"ಅಲ್ಲ ಸಾರ್, ಅದು..."

"ಪ್ರಶ್ನೆಗಳೆಲ್ಲ ಕೊನೆಗೆ," ಅಂತ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿ, ಸ್ಪಂಜಿಗೆ ಬಾಯಿ ಹಚ್ಚಿ ಭಾಷಣ ಶುರುಮಾಡಿದರು.

ಎರಡು ಸಲ ಹೇಳಲು ನೋಡಿದೆ, ಎರಡು ಸಲವೂ ಬಾಯಿ ಮುಚ್ಚಿಸಿದರು. ಮೂರನೇ ಸಲ ನಾನು ಹೇಳಲಿಲ್ಲ. ಇಪ್ಪತ್ತು ವರ್ಷ ಇಂಥ ಮಾತಿನ ನಡುವೆ ಬಾಯಿ ಹಾಕಿ ಹಾಕಿ ಸಾಕಾಗಿತ್ತು. ನೀವೇ ಮಾತಾಡಿ, ನಾನು ಅಳೆಯುತ್ತೇನೆ ಅಂತ ರಾಗಿ ಎಲೆಗೆ ಕ್ಲಿಪ್ಪು ಹಾಕಿ, ಹೊಲದ ಪುಸ್ತಕ ತೆರೆದು ಕೂತೆ.

ಭಾಷಣದ ವಿಷಯ ನಾನೇ. ಹೆಣ್ಣು ಭೂಮಿಯ ಹಾಗೆ ಸಹನಾಮಯಿ ಅಂದರು. ಯಂತ್ರದ ಪರದೆಯ ಮೇಲೆ ಅನಿಲದ ಲೆಕ್ಕ ತೋರಿಸುತ್ತ ಹಾವಿನ ಹಾಗೆ ಮಲಗಿದ್ದ ಗೆರೆ ಹೆಡೆ ಎತ್ತಿತು. ಆದರೆ ಹೆಣ್ಣಿನ ದೇಹ ಕೋಮಲ, ನಡು ಮಧ್ಯಾಹ್ನದ ಬಿಸಿಲು ಅದಕ್ಕೆ ಹೇಳಿದ್ದಲ್ಲ ಅಂದರು. ಗೆರೆ ಪರದೆಯ ಮೇಲಂಚಿಗೆ ಹೋಗಿ ತಾಕಿತು. ಲ್ಯಾಬೆಂಬುದು ವಿಜ್ಞಾನದ ಅಡುಗೆಮನೆ ಅಂತ ಒಂದು ಉಪಮೆ ಕೊಟ್ಟರು. ಗೆರೆ ಪರದೆಯಿಂದಲೇ ಆಚೆ ಹೋಯಿತು.

ಅಜ್ಜಿಗೆ ತಡೆಯಲಾಗಲಿಲ್ಲ. ನಿಯಮ ಅಂದರೆ ನಿಯಮ. ಕಳೆಕುಡುಗೋಲು ಹಿಡಿದುಕೊಂಡೇ ಮುಂದೆ ಬಂದಳು.

"ಸ್ವಾಮಿ! ಉಸ್ರು ಆಚೆ!"

ಅಧ್ಯಕ್ಷರು ನಿಲ್ಲಿಸಿದರು. "ಏನಂತೆ ಇವರದು?"

"ಅದು ಮೈಕಲ್ಲ ಕಣ್ರೀ, ರಾಗಿ ಮೂಗು. ಆಗ್ಲಿಂದ ನೀವು ಅದ್ರೊಳಗೇ ಉಸ್ರು ಬಿಡ್ತಾ ಇದೀರಿ. ಬಾಯಿ ಆ ಕಡೆ ತಿರುಗಿಸ್ಕಳಿ, ಪುಣ್ಯ ಬತ್ತದೆ."

ಎಂಟು ಹೆಂಗಸರು ಸೆರಗು ಬಾಯಿಗೆ ಹಿಡಿದರು. ಸಮಿತಿಯ ಒಬ್ಬ ಸದಸ್ಯರು ಬಾಗಿ ಬೂಟಿನ ಲೇಸು ಕಟ್ಟತೊಡಗಿದರು. ಅವರು ಹಾಕಿಕೊಂಡಿದ್ದು ಚಪ್ಪಲಿ. ಅಧ್ಯಕ್ಷರ ಮುಖ ಕೆಂಪಾಗಿತ್ತು, ಬಿಸಿಲಿಗೋ ಅಜ್ಜಿಗೋ ತಿಳಿಯಲಿಲ್ಲ. ಕರವಸ್ತ್ರದಿಂದ ತಲೆ ಒರೆಸಿಕೊಂಡು, "ಉಳಿದದ್ದನ್ನು ನೆರಳಿನಲ್ಲಿ ಮಾತಾಡೋಣ" ಅಂತ ಹೊಂಗೆ ಮರದ ಕಡೆ ನಡೆದರು. ಸಮಿತಿ ಅವರ ಹಿಂದೆ. ಸಹೋದ್ಯೋಗಿ ಎಲ್ಲರಿಗಿಂತ ಮುಂದೆ.

ಅಲ್ಲಿಂದ ಅಧ್ಯಕ್ಷರು ಕೂಗಿದರು, "ಬಾಮ್ಮಾ, ಇಲ್ಲಿ ಬಂದು ನಿನ್ನ ಕೆಲಸ ವಿವರಿಸು."

"ಒಂದು ಗಂಟೆವರೆಗೂ ಅಳತೆ ಇದೆ ಸಾರ್. ನೀವೇ ಇಲ್ಲಿಗೆ ಬನ್ನಿ, ಇಲ್ಲೇ ತೋರಿಸ್ತೀನಿ," ಅಂತ ನಾನೂ ಕೂಗಿದೆ.

ಯಾರೂ ಬರಲಿಲ್ಲ. ನಾನು, ಅಜ್ಜಿ, ಎಂಟು ಹೆಂಗಸರು ಬಿಸಿಲಿನಲ್ಲೇ ಇದ್ದು ಕೆಲಸ ಮುಗಿಸಿದೆವು. ಒಂದು ಗಂಟೆಗೆ ಹೊಲದ ಪುಸ್ತಕ ತೆಗೆದುಕೊಂಡು ಮರದ ಹತ್ತಿರ ಹೋದೆ. ಹೊಲಕ್ಕೆ ಬಂದವರೆಲ್ಲ ಅದರಲ್ಲಿ ಸಹಿ ಮಾಡಬೇಕು ಅನ್ನುವುದು ಕಚೇರಿಯದೇ ನಿಯಮ. ಊಟದ ಹೊತ್ತು ಮೀರುತ್ತಿತ್ತು. ಅಧ್ಯಕ್ಷರು ದೊಡ್ಡವರು ಸಹಿ ಮಾಡುವ ರೀತಿಯಲ್ಲೇ, ಅಂದರೆ ಓದದೆ, 'ಪರಿಶೀಲಿಸಲಾಗಿದೆ, ಸರಿಯಾಗಿದೆ' ಅಂತ ಬರೆದು ಸಹಿ ಹಾಕಿದರು. ಆ ಪುಟದಲ್ಲಿ ಇಷ್ಟಿತ್ತು:

'ಹನ್ನೆರಡು ಐದು: ಸಮಿತಿ ಬಂದಿತು. ರಾಗಿ ಕೆಲಸ ಮಾಡುತ್ತಿದೆ.

ಹನ್ನೆರಡು ಹತ್ತು: ಅಧ್ಯಕ್ಷರು ಕೊಳವೆಯೊಳಗೆ ಭಾಷಣ ಆರಂಭಿಸಿದರು. ಅಳತೆ ಕೆಟ್ಟಿತು.

ಹನ್ನೆರಡು ಇಪ್ಪತ್ತೆಂಟು: ಬಿಸಿಲು ತಾಳದೆ ಸಮಿತಿ ನೆರಳಿಗೆ ಹೋಯಿತು. ಅಳತೆ ಸರಿಹೋಯಿತು.

ಒಂದು ಗಂಟೆ: ಸಮಿತಿ ನೆರಳಿನಲ್ಲಿದೆ. ಹೆಂಗಸರು ಬಿಸಿಲಿನಲ್ಲಿದ್ದಾರೆ. ರಾಗಿ ಕೆಲಸ ಮಾಡುತ್ತಿದೆ.'

ಆ ಪುಟದ ನಕಲನ್ನು ನನ್ನ ವರದಿಯ ಜೊತೆ ಲಗತ್ತಿಸಿ ಮುಖ್ಯ ಕಚೇರಿಗೆ ಕಳಿಸಿದೆ. ಬೇರೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಅಧ್ಯಕ್ಷರೇ ಸರಿಯಾಗಿದೆ ಅಂದಮೇಲೆ ಸರಿಯಿಲ್ಲ ಅನ್ನುವವರು ಯಾರು?

ಎರಡು ತಿಂಗಳಿಗೆ ಉತ್ತರ ಬಂತು. ಯೋಜನೆ ನನ್ನಲ್ಲೇ ಮುಂದುವರಿಯುತ್ತದೆ. ಹೊಸ ಬಿದಿರು ಮಂಜೂರಾಗಿದೆ. ಕೊನೆಗೊಂದು ಸಾಲು: ಸದಸ್ಯರ ಆರೋಗ್ಯದ ದೃಷ್ಟಿಯಿಂದ ಇನ್ನು ಮುಂದೆ ಸಮಿತಿಯ ಭೇಟಿಯನ್ನು ಬೆಳಿಗ್ಗೆ ಎಂಟು ಗಂಟೆಗೇ ಇಟ್ಟುಕೊಳ್ಳತಕ್ಕದ್ದು.

ಪತ್ರ ಹಿಡಿದುಕೊಂಡು ಸೀದಾ ಹೊಲಕ್ಕೆ ಹೋದೆ. ನಾಲ್ಕನೇ ಬೆಳೆ ತೆನೆ ಬಿಟ್ಟಿತ್ತು. ಅಜ್ಜಿಗೆ ಪೂರ್ತಿ ಓದಿ ಹೇಳಿದೆ. ಅಜ್ಜಿ ಎಲೆಅಡಿಕೆ ಜಗಿಯುತ್ತ ಎಲ್ಲವನ್ನೂ ಕೇಳಿ, ಕೊನೆಯ ಸಾಲಿಗೆ ಮಾತ್ರ ಲೊಚಗುಟ್ಟಿದಳು.

"ಪಾಪ, ಗಂಡಸ್ರು. ಮದ್ಯಾನದ ಬಿಸ್ಲು ತಡ್ಯಕ್ಕಾಗಲ್ಲ ಅವ್ರ ಮೈಗೆ. ಮುಂದ್ಲ ಸಲ ಬರೋವಾಗ ಒಬ್ಬೊಬ್ರೇ ಬರಬ್ಯಾಡಿ, ಜೊತೆಗೆ ಯಾರಾದ್ರೂ ಹೆಂಗಸ್ರುನ್ನ ಕರ್ಕಂಡು ಬರ್ರಿ ಅಂತ ಬರಿಯವ್ವಾ."